ತೆಗೆದು ಹಾಕುವ ಹಲ್ಲಿನ ಸೆಟ್: ಪ್ಲಾಸ್ಟಿಕ್ಕೋ, ಫ್ಲೆಕ್ಸಿಬಲ್ಲೋ, ಮೆಟಲ್ಲೋ?

ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯಿಂದ ಬರುವ ಓದುಗರ ಪತ್ರಗಳಲ್ಲಿ ಒಂದು ಪ್ರಶ್ನೆ ತಪ್ಪುವುದಿಲ್ಲ: “ನಾಲ್ಕಾರು ಹಲ್ಲು ಹೋಗಿವೆ, ಸೆಟ್ ಕಟ್ಟಿಸಬೇಕು. ಪ್ಲಾಸ್ಟಿಕ್, ಫ್ಲೆಕ್ಸಿಬಲ್, ಮೆಟಲ್ ಎಂದು ಮೂರು ಬಗೆ ಹೇಳುತ್ತಾರೆ. ಯಾವುದು ಒಳ್ಳೆಯದು?” ಒಂದೇ ಸಾಲಿನಲ್ಲಿ ಉತ್ತರ ಕೊಟ್ಟರೆ ಕೇಳಿದವರಿಗೆ ಅನ್ಯಾಯವಾಗುತ್ತದೆ. ಒಬ್ಬರು ವರ್ಷಗಟ್ಟಲೆ ನೆಮ್ಮದಿಯಿಂದ ಹಾಕಿಕೊಂಡು ಓಡಾಡುವ ಸೆಟ್, ಅದೇ ವಸ್ತುವಿನಲ್ಲಿ ಮಾಡಿಸಿದರೂ, ಇನ್ನೊಬ್ಬರ ಮನೆಯ ಗೂಡಿನಲ್ಲಿ ಡಬ್ಬಿಯೊಳಗೆ ಒಣಗುತ್ತಿರುತ್ತದೆ.

ಹಲ್ಲಿನ ವೈದ್ಯನಾಗಿ ನನ್ನ ಅಭಿಪ್ರಾಯ ಖಚಿತವಾಗಿದೆ. ವಸ್ತುವಿನ ಹೆಸರನ್ನು ಕೇಳುವ ಮೊದಲು, ನೀವು ಜಗಿಯುವಾಗ ಭಾರ ಎಲ್ಲಿ ಬೀಳುತ್ತದೆ ಎಂದು ಕೇಳಬೇಕು: ಉಳಿದ ಹಲ್ಲುಗಳ ಮೇಲೋ, ಬರೀ ವಸಡಿನ ಮೇಲೋ? ನೋವು, ಸಡಿಲ, ಊಟದ ಸುಖ ಎಲ್ಲವೂ ಬಹುಪಾಲು ಇಲ್ಲಿಂದಲೇ ಹುಟ್ಟುತ್ತವೆ.

ಮುಂದೆ ಬರುವ ನಾಲ್ಕು ಮಾತುಗಳನ್ನು ಮೊದಲೇ ಬಿಡಿಸಿಬಿಡುತ್ತೇನೆ. ವಸಡಿನ ಮೇಲೆ ಕೂರುವ ಗುಲಾಬಿ ಅಥವಾ ಲೋಹದ ತಟ್ಟೆಯೇ ಬೇಸ್. ಪಕ್ಕದ ಹಲ್ಲನ್ನು ತಬ್ಬಿ ಹಿಡಿಯುವ ಕೊಕ್ಕೆ ಕ್ಲಾಸ್ಪ್. ಹಾಗೆ ಹಿಡಿಸಿಕೊಳ್ಳುವ ನಿಮ್ಮ ಸ್ವಂತ ಹಲ್ಲು ಆಸರೆ ಹಲ್ಲು. ಸೆಟ್ ಕೆಳಗೆ ಕುಸಿಯದಂತೆ ಆಸರೆ ಹಲ್ಲಿನ ಮೇಲೆ ಊರಿಕೊಳ್ಳುವ ಪುಟ್ಟ ಲೋಹದ ತುಂಡಿಗೆ ರೆಸ್ಟ್ ಎನ್ನುತ್ತಾರೆ. ಈ ರೆಸ್ಟ್ ಇದೆಯೋ ಇಲ್ಲವೋ ಎಂಬುದು ಬೆಲೆಗಿಂತ ದೊಡ್ಡ ವಿಷಯ.

ಹಂತ 1: ಬಾಯಿಯಲ್ಲಿ ಏನು ಉಳಿದಿದೆ ನೋಡಿ

ಕನ್ನಡಿಯ ಮುಂದೆ ನಿಂತು, ಬೆಳಕಿನಲ್ಲಿ ಬಾಯಿ ತೆರೆದು ಎಣಿಸಿ. ಮೇಲೆ ಕೆಳಗೆ ಸೇರಿ, ಒಂದಕ್ಕೊಂದು ತಾಗುವಂತೆ ಇಪ್ಪತ್ತು ಗಟ್ಟಿ ಹಲ್ಲುಗಳಿದ್ದು ಊಟಕ್ಕೆ ತೊಂದರೆ ಇಲ್ಲವೆಂದರೆ, ಹಿಂದಿನ ಒಂದೆರಡು ದವಡೆ ಹಲ್ಲು ಹೋಗಿವೆ ಎಂಬ ಕಾರಣಕ್ಕೇ ಸೆಟ್ ಬೇಕೇಬೇಕು ಎಂದೇನಿಲ್ಲ. “ಜಾಗ ಖಾಲಿ ಇದೆ, ತುಂಬಿಸಬೇಕು” ಎಂಬ ಆತುರದಲ್ಲಿ ಸೆಟ್ ಕಟ್ಟಿಸಿಕೊಂಡವರೇ ಅದನ್ನು ಬೇಗ ತೆಗೆದಿಡುವುದು. ಇದನ್ನು ವೈದ್ಯರ ಹತ್ತಿರ ನೇರವಾಗಿ ಕೇಳಿ.

ಸೆಟ್ ಬೇಕು ಎಂದಾದರೆ ಮುಂದಿನ ಪ್ರಶ್ನೆ: ಖಾಲಿ ಜಾಗದ ಎರಡೂ ಪಕ್ಕ ಹಲ್ಲಿದೆಯೇ, ಅಥವಾ ಹಿಂಬದಿಯಲ್ಲಿ ಆಸರೆಯೇ ಇಲ್ಲವೇ? ಹಳ್ಳದ ಎರಡೂ ದಡಕ್ಕೆ ಊರಿದ ಕಾಲುಸಂಕ ಗಟ್ಟಿಯಾಗಿರುತ್ತದೆ. ಒಂದು ತುದಿಯನ್ನು ಮಾತ್ರ ದಡಕ್ಕೆ ಊರಿ ಇನ್ನೊಂದನ್ನು ಕೆಸರಿನ ಮೇಲೆ ಬಿಟ್ಟರೆ ಕಾಲಿಟ್ಟಾಗಲೆಲ್ಲ ಕುಸಿಯುತ್ತದೆ. ಕೊನೆಯ ದವಡೆ ಹಲ್ಲುಗಳೆಲ್ಲ ಹೋದವರ ಸೆಟ್ ಈ ಎರಡನೆಯ ಬಗೆಯದು. ಜಗಿಯುವಾಗ ಸ್ವಂತ ಹಲ್ಲು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಒಳಗೆ ಸರಿದರೆ ಹೆಚ್ಚು. ಮೆತ್ತನೆಯ ವಸಡು ಅದರ ಹಲವು ಪಟ್ಟು ಒತ್ತಿಕೊಳ್ಳುತ್ತದೆ. ಈ ವ್ಯತ್ಯಾಸದಿಂದಾಗಿ ಸೆಟ್ ಪ್ರತಿ ತುತ್ತಿಗೂ ಮಿಸುಕುತ್ತದೆ, ಆಸರೆ ಹಲ್ಲನ್ನು ಅಲುಗಿಸುತ್ತದೆ, ವಸಡನ್ನು ಉಜ್ಜುತ್ತದೆ. ನಿಮ್ಮದು ಈ ಬಗೆಯ ಬಾಯಿಯಾದರೆ ವಸ್ತುವಿನ ಆಯ್ಕೆಯಲ್ಲಿ ಎರಡು ಪಟ್ಟು ಎಚ್ಚರ ಬೇಕು.

ಹಂತ 2: ತೊಂದರೆಯನ್ನು ಹಾಳೆಯಲ್ಲಿ ಬರೆದಿಡಿ

ದಂತವೈದ್ಯ ಸಂಶೋಧಕರು ಬಾಯಿಯ ಆರೋಗ್ಯ ಬದುಕಿನ ಮೇಲೆ ಮಾಡುವ ಪರಿಣಾಮವನ್ನು ಅಳೆಯಲು ಓಹಿಪ್-14 ಎಂಬ ಪ್ರಶ್ನಾವಳಿಯನ್ನು ಬಳಸುತ್ತಾರೆ. ಅದು 1997ರಲ್ಲಿ ಬಂದದ್ದು. ಅದರಲ್ಲಿ ಹದಿನಾಲ್ಕು ಪ್ರಶ್ನೆಗಳಿವೆ. ಪ್ರತಿಯೊಂದಕ್ಕೂ ‘ಎಂದೂ ಇಲ್ಲ’ ಎಂಬುದಕ್ಕೆ 0ರಿಂದ ‘ತೀರಾ ಪದೇ ಪದೇ’ ಎಂಬುದಕ್ಕೆ 4ರವರೆಗೆ ಅಂಕ. ಒಟ್ಟು 56. ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು. ಮಾತು, ರುಚಿ, ನೋವು, ಊಟದ ಅಡಚಣೆ, ಸಂಕೋಚ, ಮನಸ್ಸಿನ ಉದ್ವೇಗ, ಜನರೊಡನೆ ಸಿಡಿಮಿಡಿ, ಕೆಲಸಕ್ಕೆ ತೊಡಕು ಇವೆಲ್ಲ ಅದರಲ್ಲಿ ಬರುತ್ತವೆ.

ಆ ಪ್ರಶ್ನಾವಳಿಯನ್ನು ನೀವು ಹುಡುಕಬೇಕಾಗಿಲ್ಲ. ಅದರ ಜಾಡಿನಲ್ಲೇ ನಿಮ್ಮ ಮನೆಯ ಪ್ರಶ್ನೆಗಳನ್ನು ಬರೆದುಕೊಳ್ಳಿ. ಅಕ್ಕಿ ರೊಟ್ಟಿಯನ್ನು ಹಾಲಿನಲ್ಲಿ ನೆನೆಸದೆ ತಿನ್ನಲು ಆಗುತ್ತಿದೆಯೇ? ಮದುವೆ ಮನೆಯ ಪಂಕ್ತಿಯಲ್ಲಿ ಕೂರಲು ಹಿಂಜರಿಕೆ ಇದೆಯೇ? ನಗುವಾಗ ಕೈ ಬಾಯಿಗೆ ಹೋಗುತ್ತದೆಯೇ? ಫೋನಿನಲ್ಲಿ ಮಾತು ಸ್ಪಷ್ಟವಾಗಿಲ್ಲ ಎನ್ನುತ್ತಾರೆಯೇ? ಪ್ರತಿಯೊಂದಕ್ಕೂ ಅಂಕ ಹಾಕಿ, ದಿನಾಂಕ ಬರೆದು ಇಟ್ಟುಕೊಳ್ಳಿ. ಸೆಟ್ ಹಾಕಿಸಿಕೊಂಡು ಮೂರು ತಿಂಗಳಾದ ಮೇಲೆ ಅದೇ ಹಾಳೆಯನ್ನು ಮತ್ತೆ ತುಂಬಿ. ವೈದ್ಯರಿಗೆ “ಏನೋ ಸರಿಯಿಲ್ಲ” ಎನ್ನುವ ಬದಲು “ಊಟ ಸುಧಾರಿಸಿದೆ, ಮಾತು ಕೆಟ್ಟಿದೆ” ಎಂದು ಹೇಳಲು ಇದರಿಂದ ಸಾಧ್ಯವಾಗುತ್ತದೆ. ಅಂಥ ದೂರನ್ನು ಸರಿಪಡಿಸಬಹುದು.

ಹಂತ 3: ಮೂರು ವಸ್ತುಗಳ ಗುಣ ದೋಷ ತಿಳಿಯಿರಿ

ಜನ ಪ್ಲಾಸ್ಟಿಕ್ ಎನ್ನುವುದು ಅಕ್ರಿಲಿಕ್ ಎಂಬ ಗಟ್ಟಿ ರಾಳವನ್ನು. ಎಂಬತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಹಲ್ಲಿನ ಸೆಟ್‌ಗೆ ಬಳಕೆಯಲ್ಲಿದೆ. ಬೆಲೆ ಕಡಿಮೆ, ಎರಡು ಮೂರು ಭೇಟಿಯಲ್ಲಿ ಮುಗಿಯಬಹುದು. ಅದರ ದೊಡ್ಡ ಗುಣ ಬೇರೆಯೇ ಇದೆ. ಮುಂದೆ ಇನ್ನೊಂದು ಹಲ್ಲು ಬಿದ್ದರೆ ಅದೇ ಸೆಟ್‌ಗೆ ಒಂದು ಹಲ್ಲು ಸೇರಿಸಬಹುದು, ಮುರಿದರೆ ಕೂಡಿಸಬಹುದು, ವಸಡು ಕರಗಿ ಸಡಿಲವಾದರೆ ಒಳಗೆ ಹೊಸ ಪದರ ಕೊಡಬಹುದು. ಈ ಪದರ ಕೊಡುವುದನ್ನು ರಿಲೈನಿಂಗ್ ಎನ್ನುತ್ತಾರೆ.

ತೊಂದರೆ ಎಂದರೆ ದಪ್ಪ. ಮುರಿಯದೆ ಇರಬೇಕಾದರೆ ತಟ್ಟೆ ಸುಮಾರು 2 ಮಿಲಿಮೀಟರ್ ದಪ್ಪವಿರಬೇಕು, ಮೇಲಿನ ಸೆಟ್ ಅಂಗುಳದ ಬಹುಭಾಗವನ್ನು ಮುಚ್ಚುತ್ತದೆ. ನಾಲಿಗೆಗೆ ಇಕ್ಕಟ್ಟಾಗುತ್ತದೆ. ಅಕ್ರಿಲಿಕ್ ಬಿಸಿಯನ್ನು ದಾಟಿಸುವುದಿಲ್ಲವಾದ್ದರಿಂದ ಕಾಫಿಯ ಸುಡು ಅಂಗುಳಕ್ಕೆ ತಿಳಿಯುವುದೇ ಇಲ್ಲ, ಗಂಟಲಿಗೆ ಇಳಿದ ಮೇಲೆ ಗೊತ್ತಾಗುತ್ತದೆ. ಹೊಸ ಸೆಟ್ ಹಾಕಿಕೊಂಡವರು ಮೊದಲ ದಿನಗಳಲ್ಲಿ ಕಾಫಿ, ಕಷಾಯ, ಸಾರು ಆರಿಸಿಯೇ ಕುಡಿಯಬೇಕು. ಸಾಮಾನ್ಯ ಅಕ್ರಿಲಿಕ್ ಸೆಟ್‌ನಲ್ಲಿ ರೆಸ್ಟ್ ಇರುವುದಿಲ್ಲ. ಭಾರವೆಲ್ಲ ವಸಡಿನ ಮೇಲೆ. ಕ್ರಮೇಣ ಸೆಟ್ ಕೆಳಗಿಳಿದು ಆಸರೆ ಹಲ್ಲಿನ ಕುತ್ತಿಗೆಯ ಬಳಿ ವಸಡನ್ನು ಕೆರೆಯುತ್ತದೆ. ಕೆಲವರಿಗೆ ಅಕ್ರಿಲಿಕ್‌ನಲ್ಲಿ ಉಳಿದ ಮಾನೊಮರ್ ಎಂಬ ಕಚ್ಚಾ ದ್ರವದಿಂದ ಬಾಯಿ ಉರಿಯುವುದುಂಟು. ಹೊಸ ಸೆಟ್ಟನ್ನು ಬಾಯಿಗೆ ಕೊಡುವ ಮೊದಲು ಒಂದು ದಿನವಾದರೂ ನೀರಿನಲ್ಲಿ ಇಟ್ಟಿದ್ದೀರಾ ಎಂದು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಫ್ಲೆಕ್ಸಿಬಲ್ ಎಂದರೆ ಹೆಚ್ಚಾಗಿ ನೈಲಾನ್ ಜಾತಿಯ ಬಾಗುವ ವಸ್ತು. ಹಗುರ, ತೆಳು, ಕೈಜಾರಿ ಬಿದ್ದರೆ ಒಡೆಯದು. ಕೊಕ್ಕೆಯೂ ವಸಡಿನ ಬಣ್ಣದ್ದೇ ಆದ್ದರಿಂದ ಮುಂದಿನ ಹಲ್ಲಿನ ಜಾಗಕ್ಕೆ ಚೆನ್ನಾಗಿ ಕಾಣುತ್ತದೆ. ಮೊದಲ ತಿಂಗಳ ಸುಖವನ್ನು ಮಾತ್ರ ಕೇಳಿದರೆ ಬಹಳ ಜನ ಇದಕ್ಕೇ ಅಂಕ ಕೊಡುತ್ತಾರೆ. ಅಕ್ರಿಲಿಕ್ ಒಗ್ಗದವರಿಗೂ ಇದು ಒಳ್ಳೆಯ ದಾರಿ.

ಆದರೆ ಬಾಗುವ ಗುಣವೇ ಅದರ ದೋಷವೂ ಹೌದು. ಜಗಿದ ಕಡೆ ತಟ್ಟೆ ಬಾಗಿ, ಆ ಒಂದೇ ಜಾಗದ ವಸಡಿಗೆ ಒತ್ತಡ ಬೀಳುತ್ತದೆ. ಹಿಂದೆ ಆಸರೆಯಿಲ್ಲದ ಬಾಯಿಗೆ ಇದನ್ನು ಶಾಶ್ವತ ಸೆಟ್ ಎಂದು ಹಾಕಿಸಿಕೊಂಡರೆ ಒಳಗಿನ ಎಲುಬು ಬೇಗ ಸವೆಯುವ ಅಪಾಯವಿದೆ. ಕೃತಕ ಹಲ್ಲುಗಳು ನೈಲಾನಿಗೆ ಅಂಟುವುದಿಲ್ಲ, ರಂಧ್ರ ಕೊರೆದು ಸಿಕ್ಕಿಸಿರುತ್ತಾರೆ; ಹಾಗಾಗಿ ಕಳಚಿಕೊಳ್ಳುವುದುಂಟು. ಇನ್ನೊಂದು ಹಲ್ಲು ಸೇರಿಸುವುದು, ಪದರ ಕೊಡುವುದು ಕಷ್ಟ. ಬಹಳ ಸಲ ಹೊಸದೇ ಮಾಡಿಸಬೇಕಾಗುತ್ತದೆ. ಮೇಲ್ಮೈ ಬೇಗ ತರಿತರಿಯಾಗಿ ಕಲೆ ಹಿಡಿಯುತ್ತದೆ. “ಫ್ಲೆಕ್ಸಿಬಲ್ ಎಂದರೆ ಎಲ್ಲದಕ್ಕಿಂತ ಹೊಸದು, ಆದ್ದರಿಂದ ಎಲ್ಲದಕ್ಕಿಂತ ಒಳ್ಳೆಯದು” ಎಂಬ ಮಾತನ್ನು ನಂಬಬೇಡಿ.

ಮೆಟಲ್ ಸೆಟ್ ಎಂದರೆ ಎರಕ ಹೊಯ್ದ ಕೋಬಾಲ್ಟ್-ಕ್ರೋಮಿಯಂ ಲೋಹದ ಚೌಕಟ್ಟು, ಅದರ ಮೇಲೆ ಅಕ್ರಿಲಿಕ್ ವಸಡು ಮತ್ತು ಹಲ್ಲು. ಕ್ಯಾಸ್ಟ್ ಪಾರ್ಷಿಯಲ್ ಎಂದೂ ಹೇಳುತ್ತಾರೆ. ಲೋಹದ ತಟ್ಟೆ ಅರ್ಧ ಮಿಲಿಮೀಟರ್ ದಪ್ಪವಿದ್ದರೂ ಸಾಕು, ಅಂಗುಳವನ್ನೆಲ್ಲ ಮುಚ್ಚಬೇಕಾಗಿಲ್ಲ. ಬಿಸಿ ತಂಪು ತಿಳಿಯುತ್ತದೆ, ಊಟಕ್ಕೆ ರುಚಿ ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ರೆಸ್ಟ್ ಇರುತ್ತದೆ. ಜಗಿಯುವ ಭಾರದಲ್ಲಿ ಬಹುಪಾಲನ್ನು ಹಲ್ಲುಗಳು ಹೊರುತ್ತವೆ, ವಸಡು ಉಸಿರಾಡುತ್ತದೆ. ಉಳಿದ ಹಲ್ಲುಗಳು ಗಟ್ಟಿಯಾಗಿದ್ದು, ಹತ್ತಾರು ವರ್ಷ ಬಳಸುವ ಉದ್ದೇಶವಿದ್ದು, ಖರ್ಚು ಹೊಂದಿಸಲು ಸಾಧ್ಯವಿದ್ದರೆ ನಾನು ಇದನ್ನೇ ಹೇಳುತ್ತೇನೆ.

ಇದರ ಕುಂದುಗಳೂ ಇವೆ. ಖರ್ಚು ಹೆಚ್ಚು. ಐದಾರು ಭೇಟಿ ಬೇಕು. ರೆಸ್ಟ್ ಕೂರಲು ಆಸರೆ ಹಲ್ಲಿನ ಮೇಲ್ಪದರದಲ್ಲಿ ಪುಟ್ಟ ತಗ್ಗು ಮಾಡಬೇಕಾಗುತ್ತದೆ, ಇದು ನೋಯುವುದಿಲ್ಲ. ಮುಂದಿನ ಹಲ್ಲಿನ ಮೇಲೆ ಕೊಕ್ಕೆ ಬಂದರೆ ನಕ್ಕಾಗ ಹೊಳೆಯುತ್ತದೆ. ಕೊಕ್ಕೆಯನ್ನು ಹಿಂದಿನ ಹಲ್ಲಿಗೆ ಸರಿಸಲು ಆಗುತ್ತದೆಯೇ ಎಂದು ವಿನ್ಯಾಸದ ಹೊತ್ತಿಗೇ ಕೇಳಿ, ಆಮೇಲೆ ಕೇಳಿದರೆ ಪ್ರಯೋಜನವಿಲ್ಲ. ರೋಲ್ಡ್ ಗೋಲ್ಡ್ ಓಲೆ, ವಾಚಿನ ಪಟ್ಟಿ ತಾಗಿದರೆ ಚರ್ಮ ತುರಿಸುವವರು ಅದನ್ನು ತಪ್ಪದೆ ಹೇಳಿ, ಅದು ನಿಕ್ಕಲ್ ಅಲರ್ಜಿ ಇರಬಹುದು. ನಿಕ್ಕಲ್ ಇಲ್ಲದ ಮಿಶ್ರಲೋಹವನ್ನೇ ಬಳಸುವಂತೆ ಕೇಳಬೇಕು.

ಪೀಕ್ ಎಂಬ ಲೋಹವಿಲ್ಲದ ಗಟ್ಟಿ ಪಾಲಿಮರ್ ಚೌಕಟ್ಟೂ ಈಗ ಬಂದಿದೆ. ಲೋಹ ಒಗ್ಗದವರು ವಿಚಾರಿಸಬಹುದು.

ಹಂತ 4: ನಿಮ್ಮ ದಿನಚರಿಗೆ ಹೊಂದಿಸಿ ನೋಡಿ

ಮಲೆನಾಡಿನವರು ಮೊದಲು ಹೇಳಬೇಕಾದ್ದು ಕವಳದ ವಿಷಯ. ಎಲೆ, ಅಡಿಕೆ, ಸುಣ್ಣ ಹಾಕುವವರ ಸೆಟ್ಟನ್ನು ಬೆಳಕಿಗೆ ಹಿಡಿದರೆ ಕೊಕ್ಕೆಯ ಒಳಮೈಯಲ್ಲಿ, ಹಲ್ಲು ಬೇಸ್‌ಗೆ ಸೇರುವ ಸಂದಿನಲ್ಲಿ ಕಂದುಗಪ್ಪು ಗಾರೆ ಕಟ್ಟಿರುತ್ತದೆ. ಉಗುರಿನಿಂದ ಕೆರೆದರೆ ಅದು ಬರುವುದಿಲ್ಲ. ಆ ಗಾರೆಯ ಕೆಳಗೆ ಆಸರೆ ಹಲ್ಲು ಹುಳುಕಾಗುತ್ತದೆ, ಆಸರೆ ಹೋದರೆ ಸೆಟ್ಟೂ ಹೋಯಿತು. ಕವಳ ಬಿಡದವರಿಗೆ ಫ್ಲೆಕ್ಸಿಬಲ್ ಬೇಡವೇ ಬೇಡ ಎನ್ನುತ್ತೇನೆ. ನಯವಾದ ಲೋಹದ ಮೇಲೆ ಕಲೆ ಕಡಿಮೆ ನಿಲ್ಲುತ್ತದೆ, ತೊಳೆಯುವುದೂ ಸುಲಭ.

ಅಡಿಕೆ ನಮ್ಮ ಜಿಲ್ಲೆಯ ಅನ್ನ ಎಂಬುದು ನನಗೆ ಗೊತ್ತಿದೆ. ಆದರೂ ಹೇಳಲೇಬೇಕು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ, ತಂಬಾಕು ಇಲ್ಲದ ಅಡಿಕೆಯನ್ನೂ ಕ್ಯಾನ್ಸರ್ ಕಾರಕಗಳ ಪಟ್ಟಿಗೆ ಸೇರಿಸಿತು. ಅಡಿಕೆ ಜಗಿಯುವವರಿಗೆ ಬರುವ ಬಾಯಿ ಬಿಗಿತದಲ್ಲಿ ಕೆನ್ನೆಯ ಒಳಪದರ ನಾರುನಾರಾಗಿ ಗಟ್ಟಿಯಾಗುತ್ತದೆ. ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯಿಯೊಳಗೆ ಇಡಲು ಆಗದಿದ್ದರೆ ಅಳತೆ ತೆಗೆಯುವ ಮೊದಲೇ ತೋರಿಸಿ. ಅಷ್ಟು ಕಿರಿದಾದ ಬಾಯಿಯೊಳಗೆ ಅಳತೆಯ ಟ್ರೇ ಹೋಗದು, ಸೆಟ್ ತೆಗೆದು ಹಾಕುವುದೂ ಕಷ್ಟ.

ಮಾತೇ ವೃತ್ತಿಯಾದವರು, ಅಂದರೆ ಮೇಷ್ಟರು, ಪುರೋಹಿತರು, ತಾಳಮದ್ದಳೆಯ ಅರ್ಥಧಾರಿಗಳು, ತಟ್ಟೆಯ ದಪ್ಪದ ಬಗ್ಗೆ ಪಟ್ಟು ಹಿಡಿಯಬೇಕು. ತ, ದ, ನ ಹೇಳುವಾಗ ನಾಲಿಗೆಯ ತುದಿ ಮೇಲಿನ ಮುಂಹಲ್ಲಿನ ಹಿಂಬದಿಗೆ ತಾಗುತ್ತದೆ. ಸ, ಶ ಹೇಳುವಾಗ ಅಂಗುಳದ ಮುಂಭಾಗದಲ್ಲಿ ಸಣ್ಣ ಸಂದಿಯಿಂದ ಗಾಳಿ ಹೊರಡುತ್ತದೆ. ಅಲ್ಲೇ ಅಕ್ರಿಲಿಕ್ ದಪ್ಪವಾಗಿ ಕುಳಿತರೆ ಮಾತು ತೊದಲುತ್ತದೆ.

ಇನ್ನು ದೂರ. ಹೊಸನಗರದ ಒಳಗಿನಿಂದ ಬಸ್ ಹಿಡಿದು ಶಿವಮೊಗ್ಗಕ್ಕೆ ಬರುವವರು ಆರು ಭೇಟಿಯ ಮೆಟಲ್ ಸೆಟ್ಟನ್ನು ಸುರಿಮಳೆಯ ಆಷಾಢದಲ್ಲೋ ಅಡಿಕೆ ಸುಲಿತದ ನಡುವೆಯೋ ಶುರು ಮಾಡಬೇಡಿ. ಭೇಟಿ ತಪ್ಪಿದರೆ ಅಚ್ಚಿಗೂ ಬಾಯಿಗೂ ವ್ಯತ್ಯಾಸ ಬರುತ್ತದೆ. ಇನ್ನೂ ಹಲವು ಹಲ್ಲುಗಳು ಅಲುಗಾಡುತ್ತಿದ್ದರೆ ಅಕ್ರಿಲಿಕ್ ಜಾಣ ಆಯ್ಕೆ, ಏಕೆಂದರೆ ಅದಕ್ಕೆ ಹಲ್ಲು ಸೇರಿಸುತ್ತಾ ಹೋಗಬಹುದು.

ಖರ್ಚಿನ ಚಿಂತೆ ಇರುವವರು ಶಿವಮೊಗ್ಗದ ಶರಾವತಿ ದಂತ ವೈದ್ಯಕೀಯ ಕಾಲೇಜಿನಂಥ ಬೋಧನಾ ಆಸ್ಪತ್ರೆಯಲ್ಲಿ ವಿಚಾರಿಸಿ. ಸಮಯ ಹೆಚ್ಚು ಹಿಡಿಯುತ್ತದೆ, ಆದರೆ ಕೃತಕ ಹಲ್ಲಿನ ತಜ್ಞರ ಕಣ್ಣು ಕೆಲಸದ ಮೇಲಿರುತ್ತದೆ. ಬಿಪಿಎಲ್ ಕಾರ್ಡ್ ಇರುವ ಹಿರಿಯರಿಗಾಗಿ ರಾಜ್ಯ ಸರ್ಕಾರ ದಂತ ಭಾಗ್ಯ ಯೋಜನೆಯನ್ನು ತಂದಿತ್ತು. ಈಗ ಸೌಲಭ್ಯ ಹೇಗಿದೆ ಎಂದು ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗದಲ್ಲಿ ಕೇಳಿ.

ಎಚ್ಚರ: ಸಂತೆಯಲ್ಲಿ, ರಸ್ತೆ ಬದಿಯಲ್ಲಿ “ಅರ್ಧ ಗಂಟೆಯಲ್ಲಿ ಫಿಕ್ಸ್ ಹಲ್ಲು” ಎಂದು ಕೂರಿಸುವವರ ಬಳಿ ಹೋಗಬೇಡಿ. ಅವರು ಹಸಿ ಅಕ್ರಿಲಿಕ್ಕನ್ನು ಪಕ್ಕದ ಹಲ್ಲುಗಳಿಗೆ ಮೆತ್ತಿ, ತಂತಿ ಸುತ್ತಿ ಬಿಡುತ್ತಾರೆ. ತೊಳೆಯಲು ಬಾರದ ಆ ಗಡ್ಡೆಯ ಕೆಳಗೆ ಕೊಳೆತು, ಗಟ್ಟಿಯಾಗಿದ್ದ ಹಲ್ಲುಗಳೂ ಕೈಗೆ ಬರುತ್ತವೆ.

ಹಂತ 5: ಬಾಯಿಯನ್ನು ಸಿದ್ಧಗೊಳಿಸಿ

ಹಲ್ಲು ಸ್ವಚ್ಛಗೊಳಿಸುವುದು, ಹುಳುಕು ತುಂಬಿಸುವುದು, ಉಳಿಯದ ಹಲ್ಲು ಕೀಳಿಸುವುದು ಅಳತೆಗೆ ಮೊದಲೇ ಮುಗಿಯಬೇಕು. ಕಿತ್ತ ಮೇಲೆ ವಸಡು ಮಾಯಲು ಕೆಲವು ವಾರ ಬೇಕು, ಒಳಗಿನ ಎಲುಬು ತಿಂಗಳುಗಟ್ಟಲೆ ಆಕಾರ ಬದಲಿಸುತ್ತಲೇ ಇರುತ್ತದೆ. ಅವಸರದಲ್ಲಿ ಕಟ್ಟಿಸಿದ ಸೆಟ್ ಸಡಿಲವಾಗುವುದು ಸಹಜ. ಮುಂಹಲ್ಲು ಹೋಗಿ ಮದುವೆ ಎದುರಿಗಿದೆ ಎಂದರೆ ತಾತ್ಕಾಲಿಕವಾಗಿ ಅಕ್ರಿಲಿಕ್ ಸೆಟ್ ಹಾಕಿಸಿಕೊಂಡು, ಆಮೇಲೆ ಶಾಶ್ವತದ ಮಾತು ತೆಗೆಯಿರಿ. ಸಕ್ಕರೆ ಕಾಯಿಲೆ, ಬಿಪಿ, ರಕ್ತ ತೆಳು ಮಾಡುವ ಮಾತ್ರೆಗಳ ಚೀಟಿಯನ್ನು ಜೊತೆಗೆ ಒಯ್ಯಿರಿ. ಕೆಲವು ಮಾತ್ರೆಗಳಿಂದ ಬಾಯಿ ಒಣಗುತ್ತದೆ, ಜೊಲ್ಲಿಲ್ಲದ ಬಾಯಿಯಲ್ಲಿ ಯಾವ ಸೆಟ್ಟೂ ಉಜ್ಜುತ್ತದೆ.

ಹಂತ 6: ಅಳತೆ ಮತ್ತು ಮೇಣದ ಟ್ರಯಲ್

ಅಳತೆ ಎಂದರೆ ಮೆತ್ತನೆಯ ಪದಾರ್ಥವನ್ನು ಟ್ರೇಯಲ್ಲಿಟ್ಟು ಬಾಯಿಯ ಅಚ್ಚು ತೆಗೆಯುವುದು. ಆ ಹೊತ್ತಿನಲ್ಲಿ ಮೂಗಿನಿಂದ ಉಸಿರಾಡಿ, ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ. ವಾಂತಿ ಬಂದಂತಾಗುವುದು ಕಡಿಮೆಯಾಗುತ್ತದೆ. ಆಮೇಲೆ ಹಲ್ಲುಗಳನ್ನು ಮೇಣದಲ್ಲಿ ಜೋಡಿಸಿ ಬಾಯಿಗೆ ಇಟ್ಟು ತೋರಿಸುತ್ತಾರೆ. ಇಲ್ಲಿ ನಾಚಿಕೊಳ್ಳಬೇಡಿ. ಬೆಳಕಿನ ಕಡೆ ತಿರುಗಿ ಬಣ್ಣ ನೋಡಿ, ನಗಿ, ಮನೆಯವರಿಗೆ ತೋರಿಸಿ, ಪತ್ರಿಕೆಯ ನಾಲ್ಕು ಸಾಲು ಗಟ್ಟಿಯಾಗಿ ಓದಿ. ಮೇಣದಲ್ಲಿ ಸರಿಸುವುದು ಕ್ಷಣದ ಕೆಲಸ, ಗಟ್ಟಿಯಾದ ಮೇಲೆ ಆಗದು. ಯಾವ ವಸ್ತು, ಎಷ್ಟು ಖರ್ಚು, ತಿದ್ದಲು ಎಷ್ಟು ಸಲ ಬರಬಹುದು ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.

ಹಂತ 7: ಮೊದಲ ತಿಂಗಳು

ಸೆಟ್ಟನ್ನು ಬೆರಳಿನಿಂದ ಒತ್ತಿ ಕೂರಿಸಿ. ಬಾಯಿಗಿಟ್ಟು ಕಚ್ಚಿ ಕೂರಿಸುವ ಅಭ್ಯಾಸದಿಂದ ಕೊಕ್ಕೆ ಬಾಗುತ್ತದೆ, ಅಕ್ರಿಲಿಕ್ ಸೀಳುತ್ತದೆ. ಮೊದಲ ದಿನಗಳಲ್ಲಿ ಗಂಜಿ, ಮೆತ್ತಗಿನ ಅನ್ನ, ಕಡುಬು ಇವುಗಳನ್ನು ಸಣ್ಣ ತುತ್ತಾಗಿ ಎರಡೂ ಬದಿಯಿಂದ ಜಗಿಯಿರಿ. ರೊಟ್ಟಿ ಆಮೇಲೆ. ಚಕ್ಕುಲಿ, ಕೋಡುಬಳೆಗಳನ್ನು ಮುಂಹಲ್ಲಿನ ಸೆಟ್‌ನಿಂದ ಕಡಿಯುವ ಸಾಹಸ ಯಾವತ್ತಿಗೂ ಬೇಡ, ಕೈಯಲ್ಲಿ ಮುರಿದು ಹಿಂದಕ್ಕೆ ಇಡಿ. ಜೊಲ್ಲು ಹೆಚ್ಚುವುದು, ಮಾತು ತೊಡರುವುದು ಕೆಲವು ವಾರಗಳಲ್ಲಿ ತಾನಾಗಿ ಸರಿಹೋಗುತ್ತದೆ.

ನೋವು ಮಾತ್ರ ತಾನಾಗಿ ಹೋಗಲಿ ಎಂದು ಕಾಯಬಾರದು. ಕೆಳಗಿನ ಸೆಟ್‌ನ ನಾಲಿಗೆ ಕಡೆಯ ಅಂಚಿನಲ್ಲಿ ಸಾಸಿವೆಯಷ್ಟು ಕೆಂಪು ಚುಕ್ಕೆ ಎದ್ದು, ನಡುವೆ ಬಿಳಿ ಪೊರೆ ಕಟ್ಟುವುದು ತೀರಾ ಸಾಮಾನ್ಯ. ವೈದ್ಯರು ಸೆಟ್‌ನ ಒಳಮೈಗೆ ಬಿಳಿ ಲೇಪ ಹಚ್ಚಿ ಬಾಯಿಗೆ ಒತ್ತುತ್ತಾರೆ. ಲೇಪ ಒರೆಸಿಹೋಗಿ ಗುಲಾಬಿ ಬಣ್ಣ ಇಣುಕುವ ಜಾಗವೇ ಒತ್ತುತ್ತಿರುವ ಜಾಗ. ಅಷ್ಟನ್ನು ತೇಯ್ದರೆ ಮುಗಿಯಿತು. ಇಲ್ಲಿ ಬಹಳ ಜನ ಎಡವುತ್ತಾರೆ: ನೋವೆಂದು ಸೆಟ್ಟನ್ನು ನಾಲ್ಕು ದಿನ ತೆಗೆದಿಟ್ಟು ಬರುತ್ತಾರೆ, ಅಷ್ಟರಲ್ಲಿ ಗಾಯ ಮಾಯ್ದು ಗುರುತೇ ಇರುವುದಿಲ್ಲ. ಭೇಟಿಗೆ ಕೆಲವು ಗಂಟೆ ಮೊದಲು ಸೆಟ್ ಹಾಕಿಕೊಂಡೇ ಬನ್ನಿ. ಮನೆಯಲ್ಲಿ ಚಾಕು, ಮರಳು ಕಾಗದದಿಂದ ಅಂಚು ತೇಯಬೇಡಿ. ನೈಲಾನನ್ನಂತೂ ಹಾಗೆ ತೇಯ್ದರೆ ನಾರು ನಾರಾಗಿ ಏಳುತ್ತದೆ.

ಹಂತ 8: ವಸ್ತುವಿಗೆ ತಕ್ಕ ಆರೈಕೆ

ಬಕೆಟ್‌ನಲ್ಲಿ ನೀರು ತುಂಬಿಸಿ ಅದರ ಮೇಲೆ ಹಿಡಿದು ತೊಳೆಯಿರಿ, ಜಾರಿದರೂ ಕಲ್ಲಿನ ಮೇಲೆ ಬೀಳುವುದಿಲ್ಲ. ಮೆತ್ತನೆಯ ಬ್ರಷ್ ಮತ್ತು ಸೌಮ್ಯ ಸೋಪು ಸಾಕು. ಟೂತ್‌ಪೇಸ್ಟ್, ಹಲ್ಲುಪುಡಿ, ಬೂದಿ ಇವೆಲ್ಲ ಗೀರು ಮಾಡುತ್ತವೆ, ಗೀರಿನಲ್ಲಿ ಶಿಲೀಂಧ್ರ ಮನೆ ಮಾಡುತ್ತದೆ. ಅಕ್ರಿಲಿಕ್ ಸೆಟ್ಟನ್ನು ಬಚ್ಚಲ ಹಂಡೆಯ ಸುಡುನೀರಿಗೆ ಹಾಕಬೇಡಿ, ಸೊಟ್ಟಗಾಗುತ್ತದೆ. ಮೆಟಲ್ ಸೆಟ್ಟನ್ನು ಬ್ಲೀಚಿಂಗ್ ದ್ರಾವಣದಲ್ಲಿ ನೆನೆಸಬೇಡಿ, ಲೋಹ ತುಕ್ಕು ಹಿಡಿದು ಕಪ್ಪಾಗುತ್ತದೆ. ನೈಲಾನಿಗೆ ಗಟ್ಟಿ ಬ್ರಷ್ ಬೇಡ.

ರಾತ್ರಿ ಮಲಗುವಾಗ ಸೆಟ್ ತೆಗೆದು ತಣ್ಣೀರಿನ ಡಬ್ಬಿಯಲ್ಲಿಡಿ. ಹಗಲೂ ರಾತ್ರಿ ಹಾಕಿಕೊಂಡೇ ಇರುವವರ ಅಂಗುಳದಲ್ಲಿ ಸೆಟ್‌ನ ಆಕಾರಕ್ಕೆ ಸರಿಯಾಗಿ ಕೆಂಪು ಮಚ್ಚೆ ಮೂಡುತ್ತದೆ. ಅದು ಶಿಲೀಂಧ್ರದ ಸೋಂಕು, ಸಕ್ಕರೆ ಕಾಯಿಲೆಯವರಲ್ಲಿ ಬೇಗ ಬರುತ್ತದೆ. ಪೇಸ್ಟ್ ಬೇಡ ಎಂದದ್ದು ಸೆಟ್‌ಗೆ; ಆಸರೆ ಹಲ್ಲುಗಳನ್ನು ಫ್ಲೋರೈಡ್ ಪೇಸ್ಟಿನಿಂದಲೇ, ಕೊಕ್ಕೆ ಕೂರುವ ಜಾಗವನ್ನು ಬಿಡದೆ ಉಜ್ಜಿ.

ಮುರಿದರೆ ಅಂಗಡಿಯ ಅಂಟು ಹಚ್ಚಬೇಡಿ. ತುಂಡುಗಳನ್ನೆಲ್ಲ ಕಟ್ಟಿಕೊಂಡು ಬನ್ನಿ. ಕೊಕ್ಕೆ ಮುರಿದ ಒಂದೆರಡು ಹಲ್ಲಿನ ಪುಟ್ಟ ಸೆಟ್ಟನ್ನು ಹಾಗೆಯೇ ಹಾಕಿಕೊಂಡರೆ ಊಟದ ಜೊತೆ ಗಂಟಲಿಗೆ ಇಳಿಯಬಹುದು, ಉಸಿರುನಾಳಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ.

ತೊಂದರೆ ಇಲ್ಲದಿದ್ದರೂ ವರ್ಷಕ್ಕೊಮ್ಮೆ ತೋರಿಸಿ. ಎಲುಬು ಸವೆದು ಬೇಸ್‌ನ ಕೆಳಗೆ ಸಂದಿಯಾಗಿದೆಯೇ, ಆಸರೆ ಹಲ್ಲು ಅಲುಗುತ್ತಿದೆಯೇ ಎಂದು ಅವರು ಪರೀಕ್ಷಿಸುತ್ತಾರೆ. ಸೆಟ್ ತೇಯಿಸಿದ ಮೇಲೂ ಎರಡು ವಾರದಲ್ಲಿ ಮಾಯದ ಹುಣ್ಣು, ಕೆಂಪು ಅಥವಾ ಬಿಳಿ ಮಚ್ಚೆ, ಗಟ್ಟಿಯಾದ ಅಂಚು ಕಂಡರೆ, ಅದರಲ್ಲೂ ನೀವು ಕವಳ ಅಥವಾ ತಂಬಾಕು ಬಳಸುವವರಾದರೆ, “ಸೆಟ್ ಉಜ್ಜಿದ್ದು” ಎಂದು ಸುಮ್ಮನಿರಬೇಡಿ. ಸೆಟ್ ತೆಗೆದಿಟ್ಟು ಅದೇ ವಾರ ದಂತ ಕಾಲೇಜಿನಲ್ಲೋ ಜಿಲ್ಲಾಸ್ಪತ್ರೆಯಲ್ಲೋ ತೋರಿಸಿ, ಬಯಾಪ್ಸಿ ಬೇಕೇ ಎಂದು ನೀವಾಗಿಯೇ ಕೇಳಿ. ಬಯಾಪ್ಸಿ ಎಂದರೆ ಅಕ್ಕಿಕಾಳಿನಷ್ಟು ಚೂರು ತೆಗೆದು ಪರೀಕ್ಷೆಗೆ ಕಳಿಸುವುದು, ಅಷ್ಟೇ.